ಹೆಬ್ಬೆರಳಿನ ಗುರುತು

ಚೊಳಚಗುಡ್ಡದ ರೈತನ ಹೊಲದ ಉತಾರವು ಗುಟ್ಟಿನ ಕಾಗದವಲ್ಲ. (ಮೈಸೂರಿನ ಕಡೆಯವರು ಇದನ್ನೇ ಪಹಣಿ ಎನ್ನುತ್ತಾರೆ.) ಹೊಲ ಯಾರದು, ಎಷ್ಟು ಎಕರೆ, ಅದರ ಮೇಲೆ ಸಾಲದ ಬೋಜಾ ಉಂಟೆ ಎಂಬುದು ಕೊಳ್ಳುವವನಿಗೆ ತಿಳಿಯಲೇಬೇಕು. ಒಂದು ಕಾಲಕ್ಕೆ ಕುಲಕರ್ಣಿಯ ದಫ್ತರದಲ್ಲಿ ಅಡಗಿದ್ದ ಈ ಸಂಗತಿಗಳನ್ನು 2000ದ ಸುಮಾರಿಗೆ ‘ಭೂಮಿ’ ಯೋಜನೆಯು ಕಂಪ್ಯೂಟರಿಗೆ ಏರಿಸಿತು. ಸುಮಾರು 2 ಕೋಟಿ ಉತಾರಗಳು ಬೆಳಕಿಗೆ ಬಂದವು. ಬಡ ರೈತನಿಗೆ ಅದರಿಂದ ಒಳಿತೇ ಆಯಿತು.

ಆದರೆ ಖರೀದಿಪತ್ರದ ಮಾತು ಬೇರೆ. ಅದರಲ್ಲಿ ಹೊಲದ ವಿವರದೊಡನೆ ಮನುಷ್ಯನ ಆಧಾರ್ ಸಂಖ್ಯೆ ಹಾಗೂ ಹೆಬ್ಬೆರಳಿನ ಗುರುತುಗಳೂ ಸೇರಿರುತ್ತಿದ್ದವು. ಇವೆರಡೂ ದೊರೆತರೆ, ಬ್ಯಾಂಕಿಗೆ ಹೋಗಲಾರದ ವೃದ್ಧರ ಅನುಕೂಲಕ್ಕೆಂದು ಏರ್ಪಟ್ಟ ವ್ಯವಸ್ಥೆಯಿಂದಲೇ ಅವರ ಹಣವನ್ನು ಎತ್ತಬಹುದು. 2023ರಲ್ಲಿ ಆದದ್ದು ಅದೇ. ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದ ಪತ್ರಗಳಿಂದ ಬೆರಳಚ್ಚುಗಳನ್ನು ತೆಗೆದು, ನಕಲು ಮಾಡಿ, ಕಳ್ಳರು ಖಾತೆಗಳನ್ನು ಬರಿದು ಮಾಡಿದರೆಂಬ ದೂರುಗಳು ಪೊಲೀಸರಿಗೆ ಬಂದವು.

‘ಕ್ಲೌಡ್’ ಎಂಬ ಹೆಸರು ಕೇಳಿ ಆಕಾಶವನ್ನು ನೋಡಬೇಕಾಗಿಲ್ಲ. ನಮ್ಮ ಜೋಳವನ್ನು ಪರರ ಹಗೇವಿನಲ್ಲಿ ಇಟ್ಟಂತೆ, ನಮ್ಮ ದಾಖಲೆಗಳನ್ನು ಎಲ್ಲೋ ಇರುವ ಪರರ ಯಂತ್ರಗಳಲ್ಲಿ ಇಡುವುದೇ ಅದರ ಅರ್ಥ. ಅಲ್ಲಿ ದಾಖಲೆಗಳನ್ನು ಗುಪ್ತಲಿಪಿಗೆ ತಿರುಗಿಸಿ, ಅದರ ಕೀಲಿಯನ್ನು ಯಂತ್ರದ ಒಡೆಯನ ಕೈಗೆ ಕೊಡದೆ ಬೇರೆಡೆ ಇಡುವುದು ಜಾಣತನ. ಆದರೆ ನೋಂದಣಿ ಪತ್ರಗಳ ಪ್ರಸಂಗದಲ್ಲಿ ಆ ಕೀಲಿಯಿಂದಲೂ ಪ್ರಯೋಜನವಾಗುತ್ತಿರಲಿಲ್ಲ. ಕೇಳಿದವರಿಗೆ ಪತ್ರವನ್ನು ತೆರೆದು ತೋರಿಸುವುದೇ ಜಾಲತಾಣದ ಕೆಲಸವಾಗಿತ್ತು. ಕೊಳ್ಳುವವನಿಗೆ ಬೇಕಾದದ್ದು ಹೊಲದ ಎಲ್ಲೆ, ಮಾರುವವನ ಬೆರಳಲ್ಲ. ಇದನ್ನು ಮೊದಲೇ ವಿಂಗಡಿಸಿದ್ದರೆ ಸಾಕಾಗಿತ್ತು. ಇಲಾಖೆಯು ಬೆರಳಚ್ಚನ್ನು ಮರೆಮಾಡತೊಡಗಿದ್ದು ದೂರುಗಳು ಬಂದ ಮೇಲೆ.

ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದೇ ಸಾರಿದ್ದರು. ಆ ಮೊಕದ್ದಮೆಯನ್ನು 2012ರಲ್ಲಿ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ತಮ್ಮ ಇಳಿವಯಸ್ಸಿನಲ್ಲಿ. 2023ರ ಕಾಯಿದೆಯಂತೂ ಮಾಹಿತಿಯನ್ನು ಕಾಯಲು ತಪ್ಪಿದವರಿಗೆ 250 ಕೋಟಿ ರೂಪಾಯಿಯವರೆಗೆ ದಂಡವನ್ನು ಹೇಳುತ್ತದೆ.

ದಂಡದಿಂದ ಬೆರಳು ಹೊಸದಾಗದು. ಗುಪ್ತಪದ ಕಳವಾದರೆ ಬದಲಿಸಬಹುದು, ಹೆಬ್ಬೆರಳನ್ನು ಬದಲಿಸುವುದೆಂತು? ಪರರ ಕೈಸೇರಿದ ಪ್ರತಿಗಳೂ ಹಿಂದಿರುಗಿ ಬಾರವು. ಆದಕಾರಣ ಮನೆಯ ಹಿರಿಯರು ಹಿಂದೆ ಹೊಲಮನೆಗಳ ನೋಂದಣಿ ಮಾಡಿಸಿದ್ದರೆ, ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಅವರ ಬೆರಳಚ್ಚಿಗೆ ಬೀಗ ಹಾಕಿಸಬಹುದು. ಬೀಗವಿರುವಷ್ಟು ಕಾಲ ಆ ಗುರುತಿನಿಂದ ಯಾರೂ ಹಣ ತೆಗೆಯಲಾಗದು. ಪಡಿತರಕ್ಕೋ ಪಿಂಚಣಿಗೋ ಬೆರಳನ್ನು ಒತ್ತಬೇಕಾದ ದಿನ ಅದನ್ನು ತೆರೆಯಬೇಕು, ಅಷ್ಟೆ.