ಎಲ್ಲದಕ್ಕೂ ಉಷ್ಣವೇ ಕಾರಣವಾ?

ಬ್ಲಾಗಿನ ಕಡೆ ತಲೆ ಹಾಕದೆ ಎರಡು ತಿಂಗಳಾಯ್ತು, ಬೈಕೋಬೇಡಿ. ಇವತ್ತಿನ ವಿಷಯ ಸ್ವಲ್ಪ ಮುಜುಗರದ್ದು, ಮೂಗಿನದು :)

ಹೋದ ತಿಂಗಳಿಡೀ ಬೆಳಿಗ್ಗೆ ಮೂಗು ಒರೆಸಿಕೊಂಡಾಗಲೆಲ್ಲ ಕರ್ಚೀಫಿನ ಮೇಲೆ ಒಂದೆರಡು ಕೆಂಪು ಗೆರೆ. ಊರಿಗೆ ಫೋನ್ ಮಾಡಿದಾಗ ಹೇಳಿದೆ. ಅವ್ವನ ತೀರ್ಪು ರೆಡಿ ಇತ್ತು: "ಉಷ್ಣ ಆಗೇದಪ. ಮಜ್ಜಿಗಿ ಕುಡಿ, ತಲಿಗೆ ಎಣ್ಣಿ ಹಚ್ಕೋ."

ನಮ್ಮೂರು ಮಸರಕಲ್, ದೇವದುರ್ಗ ತಾಲ್ಲೂಕು. ರಾಯಚೂರು ಸೀಮೆಯ ಬಿಸಿಲು ಗೊತ್ತಲ್ಲ, ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟೋದು ಸುದ್ದಿಯೇ ಅಲ್ಲ. ಶಾಲೆಯಲ್ಲಿ ಯಾರಿಗಾದರೂ ಮೂಗಿನಿಂದ ರಕ್ತ ಬಂದರೆ ತಲೆ ಹಿಂದಕ್ಕೆ ಬಾಗಿಸಿ, ನೆತ್ತಿಗೆ ನೀರು ಸುರಿದು, ಉಳ್ಳಾಗಡ್ಡಿ ಮೂಸಿಸೋರು. ಅವ್ವನ ಮಾತು ಪೂರ್ತಿ ಸುಳ್ಳು ಅನ್ನಲ್ಲ. ಒಣ ಬಿಸಿಗಾಳಿಗೆ ಮೂಗಿನ ಒಳಪೊರೆ ಒಣಗಿ ಬಿರಿಯುತ್ತೆ. ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗದಲ್ಲಿ, ಬೆರಳು ತಾಕುವಷ್ಟು ಹತ್ತಿರ, ಸಣ್ಣ ರಕ್ತನಾಳಗಳ ಬಲೆಯೇ ಇದೆ. ಡಾಕ್ಟರುಗಳು ಲಿಟಲ್ಸ್ ಏರಿಯಾ ಅಂತಾರೆ. ಮೂಗಿನ ರಕ್ತ ಹೆಚ್ಚಾಗಿ ಬರೋದು ಇಲ್ಲಿಂದಲೇ.

ಆದರೆ ನಾನಿರೋದು ಬೆಂಗಳೂರಿನ ಏಸಿ ಆಫೀಸಿನಲ್ಲಿ! ಏಸಿಯದೂ ಒಣಗಾಳಿಯೇ ಅನ್ನೋದು ಒಂದು. ಇನ್ನೊಂದನ್ನು ಡಾಕ್ಟರು ಹಿಡಿದರು: ಧೂಳಿನ ಅಲರ್ಜಿಗೆ ಕೊಟ್ಟ ಸ್ಪ್ರೇಯನ್ನು ನಾನು ನೇರ ಆ ನಡುಗೋಡೆಗೇ ಹೊಡೀತಿದ್ದೆ. ಬಲ ಹೊಳ್ಳೆಗೆ ಎಡಗೈಯಲ್ಲಿ ಹಿಡಿದು, ಕಿವಿಯ ಕಡೆಗೆ ತಿರುಗಿಸಿ ಹೊಡೀಬೇಕಂತೆ. ಆಮೇಲೆ ಮೆಲ್ಲಗೆ "ಮೂಗಿಗೆ ಬೆರಳು ಹಾಕೋ ಅಭ್ಯಾಸ ಇದೆಯಾ?" ಅಂದರು. ನನ್ನ ಉತ್ತರ ಇಲ್ಲಿ ಬೇಡ ಬಿಡಿ.

ನನ್ನ ತಕರಾರು ಉಷ್ಣದ ಮೇಲಲ್ಲ. ಉಷ್ಣ ಅಂದ ಕೂಡಲೇ ಕಾರಣ ಹುಡುಕೋದನ್ನೇ ನಿಲ್ಲಿಸಿಬಿಡ್ತೀವಲ್ಲ, ಅದರ ಮೇಲೆ. ಎರಡು ವರ್ಷದ ಹಿಂದೆ ಯುಗಾದಿಗೆ ಊರಿಗೆ ಹೋಗಿದ್ದಾಗ ಮುತ್ಯಾನ ಮೂಗಿನಿಂದ ರಕ್ತ ಬಂತು. ಉಷ್ಣ ಅಂತ ಎಲ್ಲರೂ ಸೇರಿ ತಲೆ ಹಿಂದಕ್ಕೆ ಮಾಡಿ ಮಲಗಿಸಿದೆವು. ರಕ್ತ ಗಂಟಲಿಗಿಳಿದು, ಹೊಟ್ಟೆ ಸೇರಿ, ವಾಂತಿ ಆಯ್ತು. ಹೆದರಿ ರಾತ್ರೋರಾತ್ರಿ ರಾಯಚೂರಿಗೆ ಗಾಡಿ ಮಾಡ್ಕೊಂಡು ಓಡಿದ್ದಾಯ್ತು. ಮುತ್ಯಾ ಹೃದಯಕ್ಕೆ ಆಸ್ಪಿರಿನ್ ತಗೊಳ್ತಾನೆ, ಹಾಗಾಗಿ ರಕ್ತ ಬೇಗ ನಿಲ್ಲಲ್ಲ ಅನ್ನೋದು ಇಂಜಿನಿಯರಿಂಗ್ ಓದಿದ ನನಗೂ ಹೊಳೆದಿರಲಿಲ್ಲ. (ಹಾಗಂತ ಡಾಕ್ಟರನ್ನು ಕೇಳದೆ ಗುಳಿಗೆ ನಿಲ್ಲಿಸಬೇಡಿ.) ಅಲ್ಲಿ ಮಾಡಿದ್ದು ಇಷ್ಟೇ: ಕೂರಿಸಿ, ಮುಂದಕ್ಕೆ ಬಾಗಿಸಿ, ಬಾಯಲ್ಲಿ ಉಸಿರಾಡು ಅಂತ ಹೇಳಿ, ಮೂಗಿನ ಮೆತ್ತನೆಯ ಭಾಗವನ್ನು 15 ನಿಮಿಷ ಒತ್ತಿ ಹಿಡಿದರು. ಮಧ್ಯೆ ಬಿಟ್ಟು ಬಿಟ್ಟು ನೋಡೋ ಹಾಗಿಲ್ಲ. ಇದನ್ನು ನಮ್ಮ ಮನೆ ಕಟ್ಟೆಯ ಮೇಲೇ ಮಾಡಬಹುದಿತ್ತು!

ಅಷ್ಟು ಹೊತ್ತು ಒತ್ತಿದರೂ ನಿಲ್ಲದಿದ್ದರೆ ಮಾತ್ರ ಓಡಲೇಬೇಕು. ಮಕ್ಕಳಿಗೆ ಒಂದೇ ಹೊಳ್ಳೆಯಿಂದ ನಾರುವ ಸಿಂಬಳದ ಜೊತೆ ರಕ್ತ ಬಂದರೆ ಒಳಗೆ ಕಡಲೆಯೋ ಮಣಿಯೋ ಸಿಕ್ಕಿರಬಹುದು. ದೊಡ್ಡವರಿಗೆ ಪದೇ ಪದೇ ಒಂದೇ ಕಡೆ ಬಂದು, ಆ ಕಡೆ ಮೂಗೂ ಕಟ್ಟಿದ್ದರೆ ಮಜ್ಜಿಗೆ ಕುಡಿದು ಸುಮ್ಮನಿರೋದು ಬೇಡ, ಇಎನ್‌ಟಿ ಡಾಕ್ಟರಿಗೆ ತೋರಿಸಿ.

ಮೊನ್ನೆ ಇದನ್ನೆಲ್ಲ ಅವ್ವನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. "ಆತು, ಇನ್ನ ಮ್ಯಾಲೆ ಒತ್ತಿ ಹಿಡಿತೀವಿ. ನೀ ಮಜ್ಜಿಗಿ ಕುಡದ್ಯೋ ಇಲ್ಲೋ?"

ಕುಡಿದೆ.