ಅಗೆಯುವ ಮೊದಲೇ ಲೆಕ್ಕ ಮುಗಿಯಲಿ

ಸಕಲೇಶಪುರದ ಕಡೆಯಿಂದ ಬೇಲೂರು, ಅರಸೀಕೆರೆ ಸೀಮೆ ದಾಟಿ ತುಮಕೂರಿನತ್ತ ಹೊರಟಿರುವ ಎತ್ತಿನಹೊಳೆ ಕಾಲುವೆ ನಮ್ಮ ಕಾಲದಲ್ಲಿ ಈ ಭಾಗ ಕಂಡ ಅತಿ ದೊಡ್ಡ ಮಣ್ಣಿನ ಕೆಲಸಗಳಲ್ಲೊಂದು. ಇದರ ಉದ್ದ ಸುಮಾರು 250 ಕಿ.ಮೀ. 24.01 ಟಿಎಂಸಿ ನೀರನ್ನು ಏಳು ಜಿಲ್ಲೆಗಳಿಗೆ ಒಯ್ಯುವುದು ಯೋಜನೆಯ ಗುರಿ. ಅದರಲ್ಲಿ 14 ಟಿಎಂಸಿ ಕುಡಿಯಲು, ಉಳಿದದ್ದು 527 ಕೆರೆಗಳನ್ನು ಅರ್ಧದಷ್ಟು ತುಂಬಿಸಲು.

ಇನ್ನು ಹಣದ ಲೆಕ್ಕ ನೋಡಿ. 2012ರಲ್ಲಿ ಅಂದಾಜು ₹8,323 ಕೋಟಿ. 2014ರಲ್ಲಿ ₹12,912 ಕೋಟಿ. 2023ರಲ್ಲಿ ₹23,251 ಕೋಟಿ. ಹನ್ನೊಂದೇ ವರ್ಷಗಳಲ್ಲಿ ಸುಮಾರು ಎರಡೂಮುಕ್ಕಾಲು ಪಟ್ಟು! 2024ರ ಸೆಪ್ಟೆಂಬರ್ 6ರಂದು ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ಆದರೆ ಮುಂದಿನ ಕಾಲುವೆ ಪೂರ್ಣವಾಗಿರಲಿಲ್ಲ. ಹಾಗಾಗಿ ನೀರನ್ನು ತಾತ್ಕಾಲಿಕವಾಗಿ ಹಳೇಬೀಡು, ಬೆಳವಾಡಿ ಕೆರೆಗಳ ಮೂಲಕ ವಾಣಿವಿಲಾಸ ಸಾಗರದತ್ತ ತಿರುಗಿಸಬೇಕಾಯಿತು.

ಮಣ್ಣು ಅದೇ, ದಾರಿಯೂ ಬಹುಪಾಲು ಅದೇ. ಹಾಗಾದರೆ ಖರ್ಚು ಏಕೆ ಏರಿತು? ತರಗತಿಯಲ್ಲಿ ನಾವು ಕಾಲುವೆಯ ಅಡ್ಡಕೊಯ್ತ ಬರೆದು ಘನಮೀಟರ್ ಲೆಕ್ಕ ಹಾಕುತ್ತೇವೆ, ದರದಿಂದ ಗುಣಿಸುತ್ತೇವೆ, ಉತ್ತರ ಸಿಗುತ್ತದೆ. ಅಲ್ಲಿ ಕಾಲದ ಬೆಲೆಗೆ ಜಾಗವೇ ಇಲ್ಲ. ನೆಲದ ಮೇಲೆ ಹಾಗಲ್ಲ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಗ್ರಾಮೀಣ ಜಮೀನಿಗೆ ಮಾರುಕಟ್ಟೆ ದರದ ಎರಡರಿಂದ ನಾಲ್ಕು ಪಟ್ಟು ಪರಿಹಾರ ಕೊಡಬೇಕು. ಭೂಮಿ ಕಳೆದುಕೊಳ್ಳುವ ರೈತನಿಗೆ ಅದು ನ್ಯಾಯವೇ. ಆದರೆ ಜಮೀನು, ಅರಣ್ಯದ ಅನುಮತಿ ಕೈಗೆ ಬರುವ ಮೊದಲೇ ಕಾಲುವೆಯನ್ನು ತುಂಡು ತುಂಡಾಗಿ ಅಗೆದರೆ, ನಡುವೆ ಉಳಿದ ಒಂದು ತುಂಡು ಇಡೀ ಕಾಲುವೆಯನ್ನು ನಿಲ್ಲಿಸುತ್ತದೆ. ಅಷ್ಟರಲ್ಲಿ ಡೀಸೆಲ್, ಸಿಮೆಂಟ್, ಕೂಲಿ ಎಲ್ಲವೂ ಏರುತ್ತವೆ.

ಇದು ಬೆಂಗಳೂರಿನಲ್ಲಿ ನಿರ್ಧಾರವಾಗುವ ವಿಷಯ, ನಮಗೇನು ಎನ್ನಬೇಡಿ. ಕಾಲುವೆಯ ನೀರು ತಾನಾಗಿ ನಲ್ಲಿಗೆ ಬರುವುದಿಲ್ಲ. ಕೆರೆಯ ಹೂಳು, ಒತ್ತುವರಿಯಾದ ರಾಜಕಾಲುವೆ, ಶುದ್ಧೀಕರಣ ಘಟಕ, ಊರೊಳಗಿನ ಪೈಪು ಇವೆಲ್ಲ ಅರಸೀಕೆರೆ ನಗರಸಭೆ, ಬೇಲೂರು ಪುರಸಭೆಯಂಥ ಸ್ಥಳೀಯ ಸಂಸ್ಥೆಗಳ ಬಾಗಿಲಿಗೂ ಬರುತ್ತವೆ. ಅವುಗಳ ಕೈಯಲ್ಲಿರುವುದು ಆಸ್ತಿ ತೆರಿಗೆ, ನೀರಿನ ಕರ ಮತ್ತು ಹಣಕಾಸು ಆಯೋಗದ ಅನುದಾನ. ಅಂದರೆ ಸಣ್ಣ ಗಂಟು.

ಒಂದು ಸರಳ ಲೆಕ್ಕ ಮಾಡೋಣ. ಹತ್ತು ಎಕರೆ ಕೆರೆಯಲ್ಲಿ ಒಂದು ಮೀಟರ್ ಹೂಳು ತೆಗೆದರೆ ಸುಮಾರು 40,000 ಘನಮೀಟರ್. ಅಗೆದ ಮಣ್ಣು ಸಡಿಲಗೊಂಡು ಕಾಲು ಭಾಗ ಉಬ್ಬಿದರೆ 50,000. ಟಿಪ್ಪರ್‌ಗೆ ಹತ್ತು ಘನಮೀಟರ್ ಎಂದರೂ 5,000 ಲೋಡು! ಇಷ್ಟು ಮಣ್ಣು ಎಲ್ಲಿಗೆ? ರೈತರ ಹೊಲಕ್ಕೆ ಹೋದರೆ ಗೊಬ್ಬರ, ದಂಡೆಯ ಮೇಲೇ ಸುರಿದರೆ ಮುಂದಿನ ಮಳೆಗೆ ಮತ್ತೆ ಕೆರೆಯೊಳಗೆ. ಸಾಗಿಸುವ ದೂರ ಹೆಚ್ಚಿದಂತೆ ಖರ್ಚೂ ಹೆಚ್ಚು. ಟೆಂಡರ್ ಕರೆಯುವ ಮೊದಲೇ ಇದು ತೀರ್ಮಾನವಾಗಬೇಕು, ಇಲ್ಲದಿದ್ದರೆ ದೊಡ್ಡ ಕಾಲುವೆಯ ಕಥೆಯೇ ಸಣ್ಣ ಕೆರೆಯಲ್ಲೂ ಮರುಕಳಿಸುತ್ತದೆ.

ಇಲ್ಲಿ ಯುವಜನರು ಮಾಡಬಹುದಾದ ಕೆಲಸವಿದೆ. ನಗರಸಭೆ, ಪುರಸಭೆಗಳು ಬಜೆಟ್‌ಗೆ ಮುನ್ನ ಸಾರ್ವಜನಿಕರ ಸಲಹೆ ಕೇಳುವ ಸಭೆಗಳಿಗೆ ಹೋಗಿ ಮೂರು ಪ್ರಶ್ನೆ ಕೇಳಿ: ಜಾಗ ಯಾರದು? ಮಣ್ಣು ಎಲ್ಲಿಗೆ? ಕೆಲಸ ಮುಗಿದ ಮೇಲೆ ನಿರ್ವಹಣೆಗೆ ಹಣ ಎಲ್ಲಿಂದ? ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಸಿವಿಲ್ ವಿದ್ಯಾರ್ಥಿಗಳು ಪ್ರಾಜೆಕ್ಟ್‌ಗಾಗಿ ಹಳೆಯ ವರದಿಯನ್ನೇ ನಕಲು ಮಾಡುವ ಬದಲು ತಮ್ಮೂರಿನ ಕೆರೆಯನ್ನೇ ಅಳೆಯಲಿ.

ದ್ವಾರಸಮುದ್ರದ ಕೆರೆ ಶತಮಾನಗಳ ನಂತರವೂ ಹಳೇಬೀಡಿಗೆ ಬೇಕಾಗಿದೆ. ಅರಸೀಕೆರೆಗೆ ಹೆಸರು ಬಂದದ್ದೇ ಕೆರೆಯಿಂದ. ಇಂಥ ಊರುಗಳಿಗೆ ನೀರು ಬರುವ ದಿನ, ಅದನ್ನು ಹಿಡಿದಿಡುವ ಜಾಗವೂ ಸಿದ್ಧವಾಗಿರಬೇಕು. ಅದಕ್ಕೆ ಬೇಕಾದ ಲೆಕ್ಕ ಜೆಸಿಬಿ ಬರುವ ಮೊದಲೇ ಮುಗಿಯಲಿ.