ಕಲಾಲೋಕವನ್ನು ಗೇಲಿ ಮಾಡುವವರು ಯಾರು?

ಶಾಸಕರಿಂದ ಪ್ರಧಾನಿವರೆಗೆ ಎಲ್ಲರ ಮೂಗನ್ನೂ ಉದ್ದ ಮಾಡಿದ ನಮ್ಮ ವ್ಯಂಗ್ಯಚಿತ್ರಕಾರರು ಕಲಾಲೋಕದ ತಂಟೆಗೆ ಮಾತ್ರ ಅಷ್ಟಾಗಿ ಹೋಗಿಲ್ಲ. ವೇದಿಕೆ ತುಂಬ ಅತಿಥಿಗಳು, ಕುರ್ಚಿ ಸಿಗದೆ ಮೂಲೆಯಲ್ಲಿ ನಿಂತ ಚಿತ್ರಕಾರ. ಬರೆದವರಿಗೂ ಅರ್ಥವಾಗದ ಕ್ಯಾಟಲಾಗ್. ಪ್ರಶಸ್ತಿ ಪ್ರಕಟವಾದ ಮಾರನೆ ದಿನದ ಮುನಿಸು. ಸರಕಿಗೇನೂ ಬರವಿಲ್ಲ.

ಫ್ರಾನ್ಸಿನ ವ್ಯಂಗ್ಯಚಿತ್ರಕಾರ ಒನೊರೆ ಡೋಮಿಯೆ ಈ ಸರಕನ್ನು ಬಿಡಲಿಲ್ಲ. ದೊರೆ ಲೂಯಿ ಫಿಲಿಪ್‌ನನ್ನು ಹಣ ನುಂಗುವ ಬಕಾಸುರನಾಗಿಸಿ 1832ರಲ್ಲಿ ಜೈಲು ಸೇರಿದ. 1835ರ ಪತ್ರಿಕಾ ಕಾನೂನು ರಾಜಕೀಯ ವ್ಯಂಗ್ಯಚಿತ್ರಕ್ಕೆ ಬೀಗ ಜಡಿದಾಗ ವಕೀಲರನ್ನು ಗೇಲಿ ಮಾಡತೊಡಗಿದ. ಪ್ಯಾರಿಸ್ಸಿನ ಕಲಾಪ್ರದರ್ಶನಕ್ಕೆ ಬರುವವರನ್ನೂ ಬಿಡಲಿಲ್ಲ. 1864ರ ಒಂದು ಕಲ್ಲಚ್ಚಿನಲ್ಲಿ (ಲಿಥೋಗ್ರಾಫ್) ಇಬ್ಬರು ಹೆಂಗಸರು ಗೋಡೆ ಮೇಲಿನ ಬೆತ್ತಲೆ ವೀನಸ್‌ಗಳನ್ನು ಕಂಡು, ಈ ಸಲವೂ ಇವೇನಾ ಎಂದು ಸಿಡುಕುತ್ತಾರೆ. ಪತ್ರಿಕೆಯಲ್ಲಿ ಅಚ್ಚಾದ ಚಿತ್ರವದು. ಯಾವ ಗ್ಯಾಲರಿಯ ಕೃಪೆಯೂ ಬೇಕಿರಲಿಲ್ಲ.

ಕಲ್ಕತ್ತೆಯ ಗಗನೇಂದ್ರನಾಥ ಠಾಕೂರರೂ 1917ರ ಹೊತ್ತಿಗೆ ಕಲ್ಲಚ್ಚನ್ನೇ ಹಿಡಿದು ಬಂಗಾಳಿ ಬಾಬುಗಳ ಬೆವರಿಳಿಸಿದರು. ನಮ್ಮಲ್ಲಿ ರಾಶಿಯವರ ಹಾಸ್ಯಪತ್ರಿಕೆ 'ಕೊರವಂಜಿ' 1942ರಲ್ಲಿ ಹುಟ್ಟಿತು. ಅದಕ್ಕೆ ಚಿತ್ರ ಬರೆದ ಮೈಸೂರಿನ ಆರ್.ಕೆ. ಲಕ್ಷ್ಮಣ್‌ಗೆ ಪ್ರತಿಭೆ ಸಾಲದೆಂದು ಮುಂಬಯಿಯ ಜೆ.ಜೆ. ಕಲಾಶಾಲೆ ಸೀಟು ಕೊಟ್ಟಿರಲಿಲ್ಲ! ಕಲಾಲೋಕವೇ ಬರೆದುಕೊಂಡ ವ್ಯಂಗ್ಯಚಿತ್ರ.

ಕಲಾಲೋಕವನ್ನು ಗೇಲಿ ಮಾಡುವ ಕೆಲಸಕ್ಕೆ ಬೆಂಗಳೂರಿಗಿಂತ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳೇ ವಾಸಿ. ಗ್ಯಾಲರಿ ಮಾಲೀಕರ ಸಿಟ್ಟಿಗೆ ಅಲ್ಲಿನ ಡ್ರಾಯಿಂಗ್ ಮೇಷ್ಟ್ರು ಯಾಕೆ ಹೆದರಬೇಕು? ಚಿತ್ರ ಅಚ್ಚು ಹಾಕಲು ಒಂದು ತುಂಡು ಲಿನೋ ಹಾಳೆ, ಕೆತ್ತುವ ಉಳಿ, ಅಚ್ಚಿನ ಮಸಿ, ರೋಲರ್ ಇದ್ದರೆ ಸಾಕು. ಅಕ್ಷರಗಳನ್ನು ಮಾತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ ಕೆತ್ತಬೇಕು. ಒತ್ತಕ್ಷರ ಕೈಗೆ ಹತ್ತುವಷ್ಟರಲ್ಲಿ ಒಂದೆರಡು ಹಾಳೆ ಕೆಡುವುದು ಖಂಡಿತ. ಪ್ರೆಸ್ ಇಲ್ಲವೇ? ಕಾಗದ ಹಾಸಿ, ಸ್ಟೀಲ್ ಚಮಚದ ಬೆನ್ನಿನಿಂದ ಒತ್ತಿ ಉಜ್ಜಿದರಾಯಿತು.

ಗೇಲಿ ಈ ಸೀಮೆಗೆ ಹೊಸದಲ್ಲ. ಬಳ್ಳಾರಿ ಭಾಗದ ತೊಗಲುಗೊಂಬೆಯಾಟದಲ್ಲಿ ಡೊಳ್ಳುಹೊಟ್ಟೆಯ ಕಿಳ್ಳೇಕ್ಯಾತ ರಾಮ-ರಾವಣರ ನಡುವೆಯೇ ನುಗ್ಗಿ ಊರ ಸುದ್ದಿ ಎತ್ತುತ್ತಾನೆ. ಅಡಿಬರಹ ಎಷ್ಟು ಚಿಕ್ಕದಿರಬೇಕೆಂಬುದಕ್ಕೆ ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕವೇ ಇದೆ: ಗೊರವಯ್ಯ ಬಿಲ್ಲೇರಿ ನುಡಿಯುವುದು ಒಂದೇ ಸಾಲು, ಅರ್ಥ ಹಚ್ಚುವ ಕೆಲಸ ಜಾತ್ರೆಗೆ ಬಂದವರದು.

ಹಂಪಿ ಕನ್ನಡ ವಿಶ್ವವಿದ್ಯಾಲಯದ ದೃಶ್ಯಕಲಾ ವಿಭಾಗ ಈ ಐದು ತಾಲ್ಲೂಕುಗಳ ಚಿತ್ರಕಲಾ ಶಿಕ್ಷಕರಿಗೆ ಲಿನೋ ಕಮ್ಮಟ ನಡೆಸಲಿ. ಅಚ್ಚುಗಳು ಕೊಟ್ಟೂರೇಶ್ವರನ ತೇರಿನ ದಿನ ಹತ್ತಿಪ್ಪತ್ತು ರೂಪಾಯಿಗೆ ಬಿಕರಿಯಾಗಲಿ. ಕಮ್ಮಟ ನಡೆಸಿದವರ ಮುಖಗಳೂ ಅವುಗಳಲ್ಲಿದ್ದರೆ ಇನ್ನೂ ಚೆಂದ.